ಜೋಗಮ್ಮನ ಬಾಯಿಗೆ ಅನ್ನ ಹಿಡಿಸಿದ್ದು

ಜೋಗಮ್ಮ ಎಪ್ಪತ್ತೊಂದು ವರ್ಷ ತುಂಬುವವರೆಗೆ ಅನ್ನವನ್ನು ಊಟವೆಂದು ಒಪ್ಪಿಕೊಂಡಿರಲಿಲ್ಲ. ಜ್ವರ ಬಂದವರಿಗೆ, ಹಲ್ಲು ಬಾರದ ಕೂಸುಗಳಿಗೆ, ಫ್ಯಾನಿನ ಕೆಳಗೆ ಕುಳಿತು ಸಂಬಳ ಎಣಿಸುವ ನೌಕರದಾರರಿಗೆ ಅದು ಸರಿ. ಮೈಮುರಿದು ದುಡಿಯುವವರು ಅದನ್ನು ತಿಂದು ಹೇಗೆ ಬದುಕುತ್ತಾರೆಂಬುದು ಅವಳಿಗೆ ಅರ್ಥವಾಗದ ಮಾತಾಗಿತ್ತು. ಓಣಿಯಲ್ಲಿ ಯಾರನ್ನಾದರೂ "ಉಂಡ್ಯೇನಬೇ?" ಎಂದು ಕೇಳುವಳು. ಅವರು "ಹೂಂ, ಅನ್ನ ಸಾರು ಉಂಡೆ" ಎಂದರೆ, "ಹಂಗಾರ ಇನ್ನೂ ಉಂಡಿಲ್ಲ ಅನ್ನು" ಎಂದು ಮುಖಕ್ಕೇ ಹೇಳಿಬಿಡುವಳು.

ಅವಳ ಊರು ಮಸ್ಕಿಗೂ ಲಿಂಗಸುಗೂರಿಗೂ ನಡುವೆ, ಡಾಂಬರು ರಸ್ತೆ ಬಿಟ್ಟು ಒಳಗೆ ಮೂರು ಮೈಲಿ. ಕಾಲುವೆಯ ನೀರು ಅತ್ತ ಹಾಯುವುದಿಲ್ಲ. ಎರೆ ನೆಲ, ಹಿಂಗಾರಿ ಬಿಳಿಜೋಳ, ಒಂದಿಷ್ಟು ಕಡಲೆ. ಗಂಡ ಅಂಬಪ್ಪ ಮಗಳು ಭಾರತಿಗೆ ಆರು ವರ್ಷವಿದ್ದಾಗ ಕಾಮಾಲೆಯಿಂದ ತೀರಿಕೊಂಡ. ಅಲ್ಲಿಂದ ಮುಂದೆ ಕೂಲಿ ಮಾಡಿ ಮಗಳನ್ನು ಬೆಳೆಸಿದಳು. ಆ ಕೂಲಿಯ ಬಹುಪಾಲು ಎಲ್ಲಿಯದು ಎಂದರೆ, ಅವಳು ಮೂಸಿಯೂ ನೋಡದ ಭತ್ತದ್ದೇ. ಇಪ್ಪತ್ತಾರು ಮಳೆಗಾಲ ಅವಳು ಟಂಟಂ ಗಾಡಿಯ ಹಿಂಬದಿಗೆ ನೇತುಬಿದ್ದು ಸಿಂಧನೂರು ದಾಟಿ ದಢೇಸುಗೂರಿಗೆ ಸಸಿ ಹಚ್ಚಲು ಹೋಗಿದ್ದಾಳೆ. ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಹಗ್ಗ ಹಿಡಿದಂತೆ ನೆಟ್ಟಗೆ ಹಚ್ಚುವ ಕೈ ಅವಳದು. ಗುಂಪಿನ ಹೆಂಗಸರು ಅವಳ ಪಕ್ಕದ ಸಾಲಿಗೆ ನಿಲ್ಲಲು ಅಂಜುತ್ತಿದ್ದರು. ಹಿಂದೆ ಬಿದ್ದರೆ ಬಾಯಿಗೆ ಬಂದಂತೆ ಅನ್ನುತ್ತಿದ್ದಳು.

ಅಲ್ಲಿ ಅವಳು ಹೆಚ್ಚಾಗಿ ಹೋಗುತ್ತಿದ್ದುದು ಆದೆಪ್ಪ ಎಂಬವರ ಗದ್ದೆಗೆ. ಆದೆಪ್ಪನವರ ಹೆಂಡತಿ ಕಸ್ತೂರೆಮ್ಮ ಧಾರಾಳಿ. ನಾಟಿಯ ದಿನಗಳಲ್ಲಿ ಕೂಲಿಯವರಿಗೆಂದು ದೊಡ್ಡ ಪಾತ್ರೆಯಲ್ಲಿ ಬಿಸಿ ಅನ್ನ, ಬಕೆಟ್ಟಿನಲ್ಲಿ ಬೇಳೆಸಾರು ಕಳಿಸುತ್ತಿದ್ದರು. ಹೆಂಗಸರೆಲ್ಲ ಕೈ ತೊಳೆದು ಬದುವಿನ ಮೇಲೆ ಸಾಲಾಗಿ ಕೂತರೆ ಜೋಗಮ್ಮ ಮಾತ್ರ ಅತ್ತ ಮುಖ ಮಾಡಿ ತನ್ನ ರೊಟ್ಟಿಯ ಗಂಟು ಬಿಚ್ಚುವಳು. ಎರಡು ಒಣಗಿದ ಕಟಕ ರೊಟ್ಟಿ, ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ. ಒಂದು ವರ್ಷ ಕಸ್ತೂರೆಮ್ಮನೇ ಗದ್ದೆಗೆ ಬಂದಿದ್ದರು. ನೋಡಿ ಅವರಿಗೆ ಸಿಟ್ಟು ಬಂತು.

"ಏನಬೇ ಜೋಗವ್ವ, ನಮ್ಮ ಅನ್ನದಾಗ ಇಷ ಹಾಕೀವೇನು?"

"ಇಷ ಯಾಕ ಹಾಕ್ತೀರಿ ಅಮ್ಮಾರ. ಕೆಸರಾಗ ನಿಂತು ನಿಂತು ಕಾಲು ಕೊಳತಾವ. ಹೊಟ್ಟಿಗೂ ಅದ ಕೆಸರು ಯಾಕ ಅಂತ."

"ಊರ ಮಂದಿ ಎಲ್ಲಾ ಅನ್ನ ಉಣ್ಣಾಕ ಬಾಯಿ ಬಿಡ್ತಾರ. ನೀ ಒಬ್ಬಾಕಿ ದೊಡ್ಡಾಕಿ."

"ದೊಡ್ಡಾಕಿ ಅಲ್ಲರೀ. ನನಗ ಸೇರಂಗಿಲ್ಲ" ಎಂದು ಜೋಗಮ್ಮ ರೊಟ್ಟಿಯನ್ನು ಸಪ್ಪಳವಾಗುವಂತೆ ಮುರಿದಳು. ಕಸ್ತೂರೆಮ್ಮ ಮತ್ತೆ ಕೇಳಲಿಲ್ಲ.

ಸೇರದೆ ಹೋದುದಕ್ಕೆ ಒಂದು ಕಾರಣವಿತ್ತು. ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಅವಳು ಎಂಟು ವರ್ಷದವಳಿದ್ದಾಗ ಊರ ಸಾಹುಕಾರರ ಮನೆಯಲ್ಲಿ ಮದುವೆ. ಅವಳ ತಾಯಿ ಎರಡು ದಿನದಿಂದ ಚಪ್ಪರದ ಸುತ್ತ ಕಸ ಬಳಿಯುತ್ತಿದ್ದಳು, ಕೊಪ್ಪರಿಗೆ ಉಜ್ಜುತ್ತಿದ್ದಳು. ಆ ಕಾಲದ ಆ ಊರಲ್ಲಿ ಅನ್ನ ಎಂಬುದು ಮದುವೆಗೆ ಮಾತ್ರ ಕಾಣುವ ವಸ್ತು. ತಾಯಿ ಮಗಳು ಊಟಕ್ಕಾಗಿ ಹಿತ್ತಲಲ್ಲಿ ಮಟಮಟ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಕಾದರು. ಎಲ್ಲ ಪಂಕ್ತಿ ಮುಗಿದ ಮೇಲೆ ಒಬ್ಬ ಬಂದು, ತಾಯಿ ಒಡ್ಡಿದ ಸೆರಗಿಗೆ ಮಾರುದೂರದಿಂದಲೇ ಅನ್ನ ಸುರಿದ. ಅರ್ಧ ಸೆರಗಿಗೆ ಬಿತ್ತು, ಅರ್ಧ ಮಣ್ಣಿಗೆ. ಮಣ್ಣಿಗೆ ಬಿದ್ದದ್ದನ್ನೂ ತಾಯಿ ಬಿಡದೆ ಆರಿಸಿಕೊಂಡಳು. ಆಗಲೇ ಹಳಸಲು ಹಿಡಿದಿತ್ತು. ಜೋಗಮ್ಮ ಹಸಿವಿಗೆ ನಾಲ್ಕು ತುತ್ತು ತಿಂದು ಮನೆಗೆ ಹೋಗುವ ದಾರಿಯಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಅನ್ನದ ವಾಸನೆ ಬಂದರೆ ಅವಳಿಗೆ ಆ ಹಿತ್ತಲೇ ಮೂಗಿಗೆ ಬರುತ್ತಿತ್ತು.

ಸೊಸೈಟಿಯಲ್ಲಿ ಪುಕ್ಕಟೆ ಅಕ್ಕಿ ಕೊಡಲು ಶುರುವಾದಾಗ ಅವಳು ತನ್ನ ಪಾಲನ್ನು ತಂದು ಕೋಳಿಗಳಿಗೆ ಹಾಕಿದಳು. "ಒಂದು ವಾರಕ್ಕ ಕೋಳಿನೂ ಬ್ಯಾಸತ್ತು ತಿಪ್ಪಿ ಕೆದರಾಕ ಹೋದ್ವು" ಎಂದು ಓಣಿ ತುಂಬ ಸಾರಿದಳು.

ಮಗಳು ಭಾರತಿ ಲಿಂಗಸುಗೂರಿನ ಹಾಸ್ಟೆಲ್ಲಿನಲ್ಲಿದ್ದು ಓದಿದಳು. ಪ್ರತಿ ಆದಿತ್ಯವಾರ ಜೋಗಮ್ಮ ಬಸ್ಸು ಹತ್ತಿ ಹತ್ತು ರೊಟ್ಟಿಯ ಗಂಟು ಒಯ್ದು ಕೊಟ್ಟು ಬರುತ್ತಿದ್ದಳು. ಹಾಸ್ಟೆಲ್ಲಿನ ಅನ್ನ ತಿಂದು ಮಗಳು ಸೊರಗಬಾರದು, ಅಷ್ಟೇ. ಮಗಳು ಸೊರಗಲಿಲ್ಲ, ಡಿ.ಎಡ್. ಮುಗಿಸಿ ಸಿಂಧನೂರಿನ ಬಳಿಯ ಹಳ್ಳಿಯೊಂದರಲ್ಲಿ ಸರಕಾರಿ ಶಾಲೆಯ ಶಿಕ್ಷಕಿಯಾದಳು. ಜೋಗಮ್ಮನ ತಮ್ಮನ ಮಗ ದುರುಗೇಶನನ್ನೇ ಮದುವೆಯಾದಳು. ಸಿಂಧನೂರಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು, ಗೋಡೆಗೆ ಬುದ್ಧನ ಪಟ ಹಾಕಿದರು. ಮೊಣಕಾಲು ಹಿಡಿದು ಇನ್ನು ಗದ್ದೆಗೆ ಇಳಿಯಲಾರೆ ಅನಿಸಿದ ವರ್ಷ ಜೋಗಮ್ಮ ತನ್ನ ಹಂಚು, ರೊಟ್ಟಿ ಬಡಿಯುವ ಹಲಗೆ ಎರಡನ್ನೂ ಹೊತ್ತು ಅಲ್ಲಿಗೆ ಬಂದಳು.

ಸಿಂಧನೂರು ಅವಳಿಗೆ ಹಿಡಿಸಲಿಲ್ಲ. ಎತ್ತ ನೋಡಿದರೂ ರೈಸ್ ಮಿಲ್ಲು, ಗಾಳಿ ಬೀಸಿದರೆ ಕಣ್ಣಿಗೆ ತೌಡಿನ ಧೂಳು, ಚಾ ಅಂಗಡಿಯಲ್ಲೂ ಅಕ್ಕಿಯದೇ ಮಾತು. "ಇವರಿಗೆ ಮಕ್ಕಳ ಹೆಸರು ಮರತರೂ ಅಕ್ಕಿ ಹೆಸರು ಮರಿಯಂಗಿಲ್ಲ" ಎಂದು ಮೂಗು ಮುರಿಯುತ್ತಿದ್ದಳು.

ಅಳಿಯ ದುರುಗೇಶನ ನೌಕರಿ 'ಧಾನ್ಯದೀಪ ಪ್ರತಿಷ್ಠಾನ' ಎಂಬ ಸಂಸ್ಥೆಯಲ್ಲಿ. ಊರೂರು ಸುತ್ತಿ, ಜೋಳ ನವಣೆ ಸಜ್ಜೆ ತಿನ್ನಿರಿ ಎಂದು ಜನರಿಗೆ ತಿಳಿಹೇಳುವುದು ಅವನ ಕೆಲಸ. ತಲೆತಲಾಂತರದಿಂದ ಜೋಳ ತಿಂದೇ ಬಂದವರಿಗೆ ಜೋಳ ತಿನ್ನಲು ಹೇಳಲು ಸಂಬಳ ಕೊಡುತ್ತಾರೆಂಬುದನ್ನು ಜೋಗಮ್ಮ ನಂಬಲೇ ಇಲ್ಲ. ಅಳಿಯ ಬೇರೇನೋ ಮಾಡಿ ಮುಚ್ಚಿಡುತ್ತಿದ್ದಾನೆಂದು ಒಂದು ವರ್ಷ ಅನುಮಾನಿಸಿದಳು. ಖಾದಿ ಜುಬ್ಬಾ ತೊಟ್ಟು ಭಾಷಣ ಮಾಡಿ ಬಂದ ದುರುಗೇಶ ಮನೆಯಲ್ಲಿ ಮಾತ್ರ ಎರಡು ಹೊತ್ತೂ ಅನ್ನ ಉಣ್ಣುತ್ತಿದ್ದ. ರೊಟ್ಟಿ ತಿಂದರೆ ಅವನಿಗೆ ಎದೆ ಹಿಡಿಯುತ್ತಿತ್ತಂತೆ.

"ಊರಿಗೆಲ್ಲಾ ರೊಟ್ಟಿ ಹೇಳಿ ನೀ ಅನ್ನ ಬಡೀತೀಯಲ್ಲೋ" ಎಂದರೆ, "ಅತ್ತಿ, ಅದು ನೌಕರಿ, ಇದು ಊಟ" ಎನ್ನುತ್ತಿದ್ದ.

ಹೀಗಿರುವಾಗ ಜೋಗಮ್ಮನ ಹಲ್ಲು ಕೈಕೊಟ್ಟವು. ಉಳಿದಿದ್ದ ಹನ್ನೊಂದು ಹಲ್ಲೂ ಅಲುಗಾಡಿ, ಒಸಡು ಬಾತು, ಯುಗಾದಿ ಮುಗಿದ ಮರುವಾರವೇ ಭಾರತಿ ಅವಳನ್ನು ದಂತವೈದ್ಯರಲ್ಲಿಗೆ ಕರೆದೊಯ್ದಳು. ಅವರು ಎಲ್ಲವನ್ನೂ ಕಿತ್ತು, ಒಸಡು ಮಾಗಿದ ಮೇಲೆ ಹಲ್ಲಿನ ಸೆಟ್ಟು ಕೂರಿಸುತ್ತೇನೆ ಎಂದರು. ಅದಕ್ಕೆ ನಾಲ್ಕು ತಿಂಗಳು. ಅಲ್ಲಿಯವರೆಗೆ ಮೆತ್ತನ್ನ ಊಟ.

"ಅನ್ನ ಉಣ್ಣಿರಿ ಅಜ್ಜಿ" ಎಂದರು ವೈದ್ಯರು, ಬಲು ಸುಲಭದ ಮಾತೆಂಬಂತೆ.

ಜೋಗಮ್ಮ ಬಾಯಲ್ಲಿದ್ದ ಹತ್ತಿಯ ಉಂಡೆಯ ಸಂದಿನಿಂದಲೇ ಏನೋ ಅಂದಳು. ಅವರಿಗೆ ತಿಳಿಯಲಿಲ್ಲ. ಭಾರತಿಗೆ ತಿಳಿಯಿತು, ಆಕೆ ಅದನ್ನು ಬಿಡಿಸಿ ಹೇಳಲಿಲ್ಲ.

ಮೊದಲು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನೋಡಿದಳು. ಎರಡು ತುತ್ತಿಗೆ ತಟ್ಟೆ ಸರಿಸಿದಳು. ಮುರಿದರೆ ಸಪ್ಪಳ ಬರಬೇಕಾದ ರೊಟ್ಟಿ ತೊಯ್ದ ರಟ್ಟಿನಂತೆ ಬಾಯಲ್ಲಿ ಕೂತಿತ್ತು. ರೊಟ್ಟಿಗೆ ಮಾಡುವ ಅವಮಾನ ಇದಕ್ಕಿಂತ ಬೇರೆ ಇಲ್ಲ ಎಂದು ಅವಳಿಗೆ ಅನಿಸಿತು. ಆಮೇಲೆ ಜೋಳದ ನುಚ್ಚು. ಅದು ಒಂದು ವಾರ ನಡೆಯಿತು. ಬೆಳಿಗ್ಗೆ ಶಾಲೆಗೆ ಓಡುವ ಭಾರತಿ ಅಂಗಡಿಯಿಂದ ತಂದ ನುಚ್ಚನ್ನು ಕುಕ್ಕರಿಗೆ ಹಾಕಿ ಸೀಟಿ ಕೂಗಿಸಿ ಇಟ್ಟು ಹೋಗುತ್ತಿದ್ದಳು. ಮಧ್ಯಾಹ್ನ ತೆಗೆದರೆ ಗೋಡೆಗೆ ಬಳಿಯುವ ಗಿಲಾವಿನಂತೆ ಇರುತ್ತಿತ್ತು. ತಾನೇ ಮಾಡಿಕೊಳ್ಳೋಣವೆಂದರೆ ಒಲೆಯ ಮುಂದೆ ನಿಲ್ಲಲು ಮೊಣಕಾಲು ಬಿಡುತ್ತಿರಲಿಲ್ಲ. ಎರಡನೆಯ ವಾರ ಬರೀ ಮಜ್ಜಿಗೆ ಕುಡಿದು ಮಲಗತೊಡಗಿದಳು. ಕೆನ್ನೆ ಒಳಸೇರಿದವು.

ಪಕ್ಕದ ಮನೆಯಲ್ಲಿ ಬುಡ್ಡೇಸಾಬ್ ಇದ್ದ. ನಲವತ್ತು ವರ್ಷ ರೈಸ್ ಮಿಲ್ಲಿನಲ್ಲಿ ದುಡಿದು ಬಿಟ್ಟವನು. ಲಾರಿಯಿಂದ ಇಳಿದ ಭತ್ತದ ಒಂದು ಕಾಳನ್ನು ಹಲ್ಲಿಗೆ ಕಚ್ಚಿ, ಇನ್ನೆಷ್ಟು ಒಣಗಬೇಕೆಂದು ಹೇಳುವುದು ಅವನ ಕೆಲಸವಾಗಿತ್ತು. ಹೆಂಡತಿ ತೀರಿದ ಮೇಲೆ ತನ್ನ ಅಡಿಗೆ ತಾನೇ ಮಾಡಿಕೊಳ್ಳುತ್ತಿದ್ದ, ಅದೂ ಹಿತ್ತಲಲ್ಲಿ, ಕಟ್ಟಿಗೆಯ ಒಲೆಯ ಮೇಲೆ. ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಜೋಗಮ್ಮ ಬಂದಾಗಿನಿಂದ ಗೋಡೆಯ ಎರಡೂ ಕಡೆಯಿಂದ ಜಗಳ ನಡೆದೇ ಇತ್ತು. ಅವನು ಅಕ್ಕಿಯನ್ನು ಹೊಗಳುವುದು, ಅವಳು ಉಗಿಯುವುದು. ಸಾಹುಕಾರರ ಮದುವೆಯ ಹಳಸಿದ ಅನ್ನದ ಕತೆಯೂ ಹೀಗೇ ಒಂದು ದಿನ ಅವಳ ಬಾಯಿಂದ ಬಂದಿತ್ತು.

ಅವಳು ಊಟ ಬಿಟ್ಟದ್ದು ಅವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಗೋಡೆಯ ಮೇಲೆ ಮೊಣಕೈ ಊರಿ ಕೂಗಿದ.

"ಜೋಗವ್ವ, ಸಾಯಾಕ ಕುಂತೀಯಂತ?"

"ಸತ್ರ ನಿನ್ನ ಮನಿ ಅಕ್ಕಿಕಾಳು ಬಾಯಿಗೆ ಹಾಕಬ್ಯಾಡ್ರಿ ಅಂತ ಹೇಳೀನಿ, ಸಾಬಣ್ಣ."

"ಹುಟ್ಟಿದಾಗಿಂದ ನೀ ಅಕ್ಕಿ ತಿಂದೀಯೇನು? ಸೊಸೈಟಿ ಅಕ್ಕಿ ಮೂಸೀದಿ. ಮದುವಿ ಮನಿ ಹಳಸಿದ್ದು ತಿಂದೀದಿ. ಅದು ಅಕ್ಕಿನಾ? ನಾನೂ ಹೊಲಸು ಜೋಳದ ಮುಗ್ಗಲು ರೊಟ್ಟಿ ತಿಂದು, ಜೋಳ ಸುಳ್ಳು ಅಂದ್ರ ನೀ ಕೇಳ್ತೀಯೇನು?"

ಅವನು ಅಷ್ಟಕ್ಕೇ ಬಿಡಲಿಲ್ಲ.

"ಇಪ್ಪತ್ತಾರು ವರ್ಷ ನೆಲ್ಲು ಹಚ್ಚೀನಿ ಅಂತೀದಿ. ಹಚ್ಚಿದ್ದು ಏನು ಅಂತ ಒಂದ ತುತ್ತು ನೋಡು. ಉಗುಳಿದ್ರ ನಾ ಮತ್ತ ಅಕ್ಕಿ ಹೆಸರು ಎತ್ತಂಗಿಲ್ಲ, ಅಲ್ಲಾನ ಆಣಿ."

ಅವನ ಬಾಯಿ ಮುಚ್ಚಿಸುವ ಆಸೆಗೇ ಅವಳು ಒಪ್ಪಿದ್ದು. ಮರುದಿನ ಬುಡ್ಡೇಸಾಬ್ ತನಗೆಂದು ಎತ್ತಿಟ್ಟುಕೊಂಡಿದ್ದ ಮೂರು ವರ್ಷ ಹಳೆಯ ಸೋನಾ ಮಸೂರಿ ತೆಗೆದ. ಕುಕ್ಕರನ್ನು ಅವನು ಮನೆಯೊಳಗೆ ಬಿಟ್ಟುಕೊಂಡವನೇ ಅಲ್ಲ. ಪಾತ್ರೆಯಲ್ಲಿ ನೀರು ಮರಳಿಸಿ, ಅಕ್ಕಿ ಹಾಕಿ, ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ, ಸರಿಯಾದ ಗಳಿಗೆಗೆ ಗಂಜಿ ಬಸಿದ. ಕೆಂಡದ ಮೇಲೆ ಮುಚ್ಚಿಟ್ಟ. ತಟ್ಟೆಗೆ ಹಾಕಿದಾಗ ಕಾಳುಗಳು ಒಂದನ್ನೊಂದು ಮುಟ್ಟದೆ ಬಿದ್ದವು.

ಜೋಗಮ್ಮ ತನ್ನ ಡಬ್ಬಿಯಿಂದ ಗುರೆಳ್ಳು ಪುಡಿ ತಂದು ಸುರಿದುಕೊಂಡಳು, ಮೇಲೆ ಶೇಂಗಾ ಎಣ್ಣೆ. ಅನ್ನವನ್ನು ಅವಳು ಮುಚ್ಚಿಹಾಕಲು ನೋಡಿದ್ದೇ ಹೊರತು ರುಚಿಗೆಂದಲ್ಲ. ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಉಗುಳಲು ತಯಾರಾಗಿ ಕೆನ್ನೆ ಕೂಡ ಉಬ್ಬಿಸಿಕೊಂಡಿದ್ದಳು. ಹಿತ್ತಲ ವಾಸನೆ ಬರಲಿಲ್ಲ. ಒಸಡಿನ ನಡುವೆ ಕಾಳುಗಳು ನಿಧಾನಕ್ಕೆ ಕರಗಿದವು, ಖಾರ ಕರಗಿದ ಮೇಲೆ ಒಂದು ಸಣ್ಣ ಸಿಹಿ ನಾಲಿಗೆಗೆ ತಾಕಿತು. ಎರಡು ವಾರದ ಹಸಿವು ಬೇರೆ. ಅವಳು ನುಂಗಿದಳು.

ಬುಡ್ಡೇಸಾಬ್ ಗೋಡೆಯಾಚೆ ಉಸಿರು ಹಿಡಿದು ನಿಂತಿದ್ದ. "ಹೆಂಗೈತಿ?"

"ಉಪ್ಪಿಲ್ಲ" ಎಂದಳು.

"ಅನ್ನಕ್ಕ ಯಾರು ಉಪ್ಪು ಹಾಕ್ತಾರಬೇ!"

"ಅದಕ್ಕ ಸೇರಲಿಲ್ಲ." ತಟ್ಟೆ ಮಾತ್ರ ಖಾಲಿಯಾಗಿತ್ತು.

ಮರುದಿನ ಅದೇ ಹೊತ್ತಿಗೆ ಗೋಡೆಯ ಮೇಲೆ ತಟ್ಟೆ ಇಟ್ಟಳು. "ನಿನ್ನೆ ಸರಿಯಾಗಿ ಗೊತ್ತಾಗಲಿಲ್ಲ, ಮತ್ತೊಮ್ಮೆ ನೋಡ್ತೀನಿ" ಎಂದಳು. ಮೂರನೆಯ ದಿನ ಏನೂ ಹೇಳದೆ ಇಟ್ಟಳು. ನಾಲ್ಕನೆಯ ದಿನ ಅವನು ತಡಮಾಡಿದಾಗ ಗೋಡೆಗೆ ತಟ್ಟೆಯಿಂದ ಬಡಿದಳು.

ಇಷ್ಟು ವರ್ಷ ಬೈದದ್ದನ್ನು ಈಗ ಕದ್ದು ತಿನ್ನುವುದು ಅವಳಿಗೆ ಮೊದಮೊದಲು ನಾಚಿಕೆಯ ಸಂಗತಿಯಾಗಿತ್ತು. ಭಾರತಿ ಬರುವ ಹೊತ್ತಿಗೆ ಬಾಯಿ ತೊಳೆದು, ತಟ್ಟೆ ತೊಳೆದು, ಮಜ್ಜಿಗೆ ಕುಡಿದವಳಂತೆ ಮಲಗಿರುತ್ತಿದ್ದಳು. ಮಗಳಿಗೆ ಮಾತ್ರ ಅಚ್ಚರಿ: ಬರೀ ಮಜ್ಜಿಗೆಗೆ ಕೆನ್ನೆ ತುಂಬುತ್ತಿವೆ. ಒಂದು ಸಂಜೆ ತಾಯಿಯ ಸೆರಗಿನಲ್ಲಿ ಅಂಟಿದ್ದ ಅನ್ನದ ಅಗುಳೊಂದು ಅವಳ ಕಣ್ಣಿಗೆ ಬಿತ್ತು. ಅದನ್ನು ಬೆರಳಲ್ಲಿ ತೆಗೆದು ತೋರಿಸಿದಳು.

"ಯವ್ವಾ, ಇದೇನು?"

"ಕೋಳಿಗೆ ಹಾಕೀನಿ."

"ಇಲ್ಲಿ ಕೋಳಿ ಎಲ್ಲ್ಯದಾವ?"

ಜೋಗಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಭಾರತಿಗೆ ನಗು ಉಕ್ಕಿಬಂತು, ನಕ್ಕಳು, ನಗುತ್ತ ನಗುತ್ತ ತಾಯಿಯ ಪಕ್ಕ ಕೂತಳು. ಆಮೇಲೆ ಇಪ್ಪತ್ತೈದು ವರ್ಷ ಒಳಗಿಟ್ಟುಕೊಂಡಿದ್ದುದನ್ನು ಹೇಳಿದಳು.

"ಯವ್ವಾ, ಬೈಬ್ಯಾಡ. ಹಾಸ್ಟೆಲ್‌ದಾಗ ನಿನ್ನ ರೊಟ್ಟಿ ನಾ ಒಂದೂ ಉಂಡಿಲ್ಲ."

"ಏನು?"

"ನನಗ ಅಲ್ಲಿ ಅನ್ನ ಬಾಳ ಸೇರಿತ್ತು. ನೀ ಬೈತೀದಿ ಅಂತ ಹೇಳಲಿಲ್ಲ. ರೊಟ್ಟಿ ಎಲ್ಲಾ ಹುಡುಗೇರಿಗೆ ಹಂಚತಿದ್ದೆ. ಅವರು ಆದಿತ್ಯವಾರ ಆದ್ರ ನೀ ಬರೂ ದಾರಿ ಕಾಯ್ತಿದ್ರು."

ಜೋಗಮ್ಮನಿಗೆ ಎಲ್ಲ ನೆನಪಿಗೆ ಬಂತು: ಬೆಳಗಿನ ಜಾವಕ್ಕೆದ್ದು ಬಡಿದ ರೊಟ್ಟಿ, ಗಂಟು ಕಂಕುಳಲ್ಲಿ ಹಿಡಿದು ನಿಂತೇ ಹೋದ ಬಸ್ಸು, ಆರು ವರ್ಷದ ಆದಿತ್ಯವಾರಗಳು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಎಂಟು ವರ್ಷದ ತಾನು ಹಿತ್ತಲಲ್ಲಿ ಕೂತು ಕಲಿತದ್ದನ್ನು ಮಗಳ ಹೊಟ್ಟೆಗೂ ಹೊರಿಸಲು ಹೋಗಿದ್ದೆ ಎಂಬುದು ಮಾತ್ರ ಅವಳಿಗೆ ಹೊಳೆಯಿತು. ಹುಡುಗಿ ತಟ್ಟೆ ಹಿಡಿದು ಸಾಲಲ್ಲಿ ನಿಂತು, ತನ್ನ ಹಕ್ಕಿನ ಬಿಸಿ ಅನ್ನ ಉಂಡಿದ್ದಳು. ಅದರಲ್ಲಿ ಏನು ತಪ್ಪಿತ್ತು?

"ಆ ಹುಡುಗೇರಾದ್ರೂ ನನ್ನ ರೊಟ್ಟಿ ಚಲೋ ಅದಾವ ಅಂತಿದ್ರೇನು?" ಎಂದು ಕೊನೆಗೆ ಕೇಳಿದಳು.

"ಜೀವ ಬಿಡತಿದ್ರು, ಯವ್ವ."

"ಹಂಗಾರ ಆತು. ನಾಳಿಂದ ಅನ್ನ ನನಗೂ ಮಾಡು. ಕುಕ್ಕರಿನಾಗ ಬ್ಯಾಡ. ಆ ಸಾಬಣ್ಣನ ಕೇಳಿ ಕಲಿ, ನಿನಗ ಅನ್ನ ಮಾಡಾಕೂ ಬರಂಗಿಲ್ಲ."

ಅಲ್ಲಿಂದ ಮುಂದೆ ಜೋಗಮ್ಮನ ಬಾಯಿ ಇನ್ನೊಂದು ದಿಕ್ಕಿಗೆ ಹರಿಯಿತು. ಹೊಸ ಅಕ್ಕಿ ಯಾವುದು, ಹಳೆಯದು ಯಾವುದು, ಯಾವುದಕ್ಕೆ ಹೊಳಪು ಹೆಚ್ಚು ಕೊಟ್ಟು ಸತ್ವ ತೆಗೆದಿದ್ದಾರೆ ಎಂದೆಲ್ಲ ಬುಡ್ಡೇಸಾಬನಿಂದ ಕಲಿತಳು, ಕಲಿತ ಮೇಲೆ ಅವನನ್ನೇ ತಿದ್ದತೊಡಗಿದಳು. ಪುಂಡಿಪಲ್ಯದ ಜೊತೆಗೆ ಅನ್ನ, ಹಸಿಮೆಣಸಿನಕಾಯಿ ಖಾರದ ಜೊತೆಗೆ ಅನ್ನ, ಬೆಳಿಗ್ಗೆ ತಂಗಳನ್ನಕ್ಕೆ ಮಜ್ಜಿಗೆ ಉಳ್ಳಾಗಡ್ಡಿ. ಗಣೇಶನ ಹಬ್ಬದ ಹೊತ್ತಿಗೆ ಹಲ್ಲಿನ ಸೆಟ್ಟು ಬಂತು. ರೊಟ್ಟಿ ಮತ್ತೆ ಬಾಯಿಗೆ ಬಂತು. ಅನ್ನ ಹೋಗಲಿಲ್ಲ.

ದುರುಗೇಶ ಇದೆಲ್ಲ ಕಂಡೂ ಕಾಣದವನಂತೆ ಇದ್ದ. ಅವನಿಗೆ ಕಾಣದಿರುವುದೇ ಅನುಕೂಲವಾಗಿತ್ತು. ಏಕೆಂದರೆ ವರ್ಷದ ಆರಂಭದಲ್ಲೇ, ಅವಳ ಹಲ್ಲು ಕೀಳಿಸುವ ಮುಂಚೆ, ಅವನು ತನ್ನ ಸಂಸ್ಥೆಯಲ್ಲಿ, ನನ್ನ ಅತ್ತೆ ಹುಟ್ಟಿದಾಗಿನಿಂದ ಅನ್ನ ಮುಟ್ಟಿಲ್ಲ, ಎಪ್ಪತ್ತು ದಾಟಿದರೂ ಗಟ್ಟಿಮುಟ್ಟಾಗಿದ್ದಾಳೆ ಎಂದು ಹೇಳಿ ಹೆಸರು ಬರೆಸಿದ್ದ. ಲಿಂಗಸುಗೂರಿನ ಕಲ್ಯಾಣಮಂಟಪವೊಂದರಲ್ಲಿ ಸಿರಿಧಾನ್ಯ ಸಂಭ್ರಮ ಎಂದು ಕಾರ್ಯಕ್ರಮ. ಅವಳ ಫೋಟೋ ಹಾಕಿ, 'ಅನ್ನ ಮುಟ್ಟದ ಅಜ್ಜಿ' ಎಂದು ಬ್ಯಾನರು ಬರೆಸಿಯೂ ಆಗಿತ್ತು.

"ಆಕಿ ಈಗ ದಿನಾ ಅನ್ನ ಉಣ್ಣಾಕತ್ಯಾಳ, ನಿಮಗ ಗೊತ್ತೈತಿ" ಎಂದಳು ಭಾರತಿ.

"ಒಂದ ದಿನದ ಮಾತು. ನಮ್ಮ ಆಫೀಸಿನ ಮೇಡಂ ಕೇಳಿದ್ದಕ್ಕ ಹೂಂ ಅಂದ್ರ ಮುಗೀತು. ಶಾಲು ಹಾಕ್ತಾರ, ಫೋಟೋ ತೆಗೀತಾರ, ಬರೂದು." ಜೋಗಮ್ಮನ ಕಡೆ ತಿರುಗಿದ. "ಅತ್ತಿ, ಬರ್ತೀಯಲ್ಲ?"

"ಲಿಂಗಸುಗೂರು ನೋಡಿ ಬಾಳ ದಿನ ಆತು. ಬರ್ತೀನಿ. ಏನು ಅನ್ನಬೇಕು ಅಂತ ಮಾತ್ರ ನೀ ಹೇಳಬ್ಯಾಡ."

ಈ ಕೊನೆಯ ಮಾತನ್ನು ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆ ದಿನ ಭಾರತಿಯೂ ಜೊತೆಗೆ ಹೊರಟಳು. ಮಂಟಪದ ಬಾಗಿಲಲ್ಲೇ ಸಾಲಾಗಿ ಮೇಜು. ಜೋಳದ ಕೇಕು, ಸಜ್ಜೆಯ ನೂಡಲ್ಸು, ನವಣೆಯ ಮಂಚೂರಿ. ಜೋಗಮ್ಮ ಒಂದೊಂದರ ಮುಂದೆಯೂ ನಿಂತು, ಇದು ಏನು ಎಂದು ಕೇಳಿ, ಹೇಳಿದ ಮೇಲೆ ಆ ಧಾನ್ಯದ ಗೋಳು ನೋಡಲಾರದವಳಂತೆ ಮುಂದೆ ನಡೆದಳು. ಅತಿಥಿಗಳಿಗೆ ಒಳಗೆ ಬೇರೆ ಊಟವಿತ್ತು. ಅಲ್ಲಿಂದ ಜೀರಾ ರೈಸಿನ ಘಮ ಬರುತ್ತಿತ್ತು.

ಸಂಸ್ಥೆಯ ನಿರ್ದೇಶಕಿ ಮೇಘಾ ಮೇಡಂ ಹುಬ್ಬಳ್ಳಿಯಿಂದ ಬಂದಿದ್ದರು. ವೇದಿಕೆಗೆ ಕರೆದು, ಜೋಗಮ್ಮನಿಗೆ ಶಾಲು ಹೊದಿಸಿ, ಮೈಕು ಹಿಡಿದರು.

"ಅಜ್ಜಿ, ನೀವು ಇಡೀ ಜೀವನದಲ್ಲಿ ಅನ್ನವನ್ನೇ ಮುಟ್ಟಿಲ್ಲವಂತೆ?"

"ಮುಟ್ಟದ ಏನ್ರೀ? ಇಪ್ಪತ್ತಾರು ವರ್ಷ ನೆಲ್ಲು ಹಚ್ಚೀನಿ."

"ಅಲ್ಲ ಅಜ್ಜಿ, ಉಂಡಿಲ್ಲ ಅಲ್ಲವೇ?"

"ಉಂಡಿದ್ದಿಲ್ಲ. ಈಗ ಉಣ್ತೀನಿ. ನಿನ್ನೆ ಮಧ್ಯಾಹ್ನ ಉಂಡೆ, ಇವತ್ತು ಮುಂಜಾನಿ ತಂಗಳ ಉಂಡು ಬಸ್ ಹತ್ತೀನಿ."

ಕೆಳಗೆ ಕೂತ ಹೆಂಗಸರು ನಕ್ಕರು. ಮೂರನೆಯ ಸಾಲಿನಲ್ಲಿದ್ದ ದುರುಗೇಶ ಮೊಬೈಲಿನಲ್ಲಿ ಮುಖ ಹುದುಗಿಸಿದ. ಮೇಘಾ ಮೇಡಂ ನಗುವನ್ನು ಬಿಡದೆ ಇನ್ನೊಂದು ದಾರಿ ಹುಡುಕಿದರು. "ಆದರೂ ಜೋಳವೇ ಶ್ರೇಷ್ಠ ಅಂತ ನೀವು ಹೇಳ್ತೀರಿ?"

"ಶ್ರೇಷ್ಠ ಯಾವುದೂ ಇಲ್ಲ ಅಮ್ಮಾ. ಜೋಳ ನನ್ನದು, ಇವತ್ತೂ ಉಣ್ತೀನಿ. ಅದಕ್ಕ ಶಾಲು ಯಾಕ? ನಾವು ಬರೀ ಜೋಳ ಉಂಡು ಸಸಿ ಹಚ್ಚಾಗ ಯಾರೂ ಶಾಲು ತರಲಿಲ್ಲ. ಅನ್ನಾನೂ ಚಲೋ ಐತಿ. ಹಳೇ ಅಕ್ಕಿ ಇರಬೇಕು, ಗಂಜಿ ಬಸೀಬೇಕು. ನಾ ಎಪ್ಪತ್ತು ವರ್ಷ ಸುಮ್ನ ಹಟಾ ಮಾಡಿದೆ." ಸ್ವಲ್ಪ ತಡೆದು ಸೇರಿಸಿದಳು: "ಆ ಹೊರಗ ಇಟ್ಟೀರಲ್ಲ, ನವಣಿದು ಕೆಂಪಂದು, ಅದನ್ನ ಮಾತ್ರ ಯಾರೂ ತಿನಬ್ಯಾಡ್ರಿ."

ಮೈಕು ಬೇರೆಯವರ ಕೈಗೆ ಹೋಯಿತು. ಶಾಲು ಅವಳ ಹೆಗಲ ಮೇಲೆ ಉಳಿಯಿತು.

ಹಿಂದಿರುಗುವ ಬಸ್ಸಿನಲ್ಲಿ ದುರುಗೇಶ ಇಬ್ಬರಿಗೂ ಬೆನ್ನು ತಿರುಗಿಸಿ, ಮುಂದಿನ ಸೀಟಿನಲ್ಲಿ ಕೂತಿದ್ದ. ಗದ್ದಲದಲ್ಲಿ ಮೂವರೂ ಊಟ ಮಾಡಿರಲಿಲ್ಲ. ಮಸ್ಕಿ ಬಂದಾಗ ಭಾರತಿಯೇ ಇಬ್ಬರನ್ನೂ ಇಳಿಸಿ, ಬಸ್ ನಿಲ್ದಾಣದ ಎದುರಿನ ಖಾನಾವಳಿಗೆ ಕರೆದೊಯ್ದಳು. ಬಡಿಸುವವನು ಬಂದು ಮೊದಲು ದುರುಗೇಶನನ್ನು ಕೇಳಿದ.

"ಏನು ಕೊಡ್ಲಿ ಸರ? ರೊಟ್ಟಿ ಬಿಸಿ ಅದಾವ."

"ಅನ್ನ" ಎಂದ ದುರುಗೇಶ, ಅಭ್ಯಾಸಬಲದಿಂದ.

ಬಡಿಸುವವನ ಕಣ್ಣು ಅವನ ಜುಬ್ಬಾದ ಮೇಲಿದ್ದ ಹಸಿರು ಬಿಲ್ಲೆಗೆ ಹೋಯಿತು. 'ಸಿರಿಧಾನ್ಯವೇ ನನ್ನ ಉಸಿರು' ಎಂದು ದಪ್ಪಕ್ಷರದಲ್ಲಿತ್ತು. ಅವನು ನಗು ತಡೆದುಕೊಂಡ. ಜೋಗಮ್ಮ ಮೇಜಿನ ಮೇಲಿಂದ ಕೈಚಾಚಿ ಬಿಲ್ಲೆಯನ್ನು ಪಿನ್ನು ಸಮೇತ ಬಿಚ್ಚಿ ಅಳಿಯನ ಜೇಬಿಗೆ ಹಾಕಿದಳು.

"ಉಣ್ಣಾಗ ಇದನ್ನ ತೆಗಿಯಪ್ಪ. ನೌಕರಿ ಮುಗೀತು, ಊಟ ಮಾಡು."

"ನನ್ನ ಮರ್ಯಾದಿ ಕಳದಿ ಅತ್ತಿ. ಇನ್ನ ಆ ಆಫೀಸಿನಾಗ ಹೆಂಗ ಮಾರಿ ತೋರಿಸಲಿ?"

"ನಾ ಸುಳ್ಳು ಹೇಳಿದ್ರ ನಿನ್ನ ಮರ್ಯಾದಿ ಉಳೀತಿತ್ತೇನು? ಇಷ್ಟ ಸಣ್ಣ ಮರ್ಯಾದಿ ಇಟ್ಕೊಂಡು ಯಾಕ ಓಡ್ಯಾಡ್ತೀಯೋ? ಅನ್ನ ಸೇರ್ತೈತಿ ಅಂದ್ರ ಸೇರ್ತೈತಿ ಅನ್ನು. ನಾ ಅಂದೆ, ಸತ್ನೇನು?"

ಬಡಿಸುವವನು ಅಜ್ಜಿಗೆ ಏನು ಎಂದು ಕೇಳಿದ. ಎರಡೂ ತಾ ಎಂದಳು. ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಬಂತು, ಹೊಸ ಹಲ್ಲಿನಲ್ಲಿ ಹುಷಾರಾಗಿ ಅಗಿದು ಮುಗಿಸಿದಳು. ಆಮೇಲೆ ಅನ್ನ ಬಂತು. ಬೆರಳಲ್ಲಿ ಮುಟ್ಟಿದಳು, ಮುದ್ದೆಯಾಗಿ ಅಂಟಿಕೊಂಡಿತು. ಖಾನಾವಳಿಯ ಮಾಲೀಕ ಗಲ್ಲಾದಲ್ಲಿ ಕೂತಿದ್ದವನು ಅವಳ ಮುಖ ನೋಡಿಯೇ ಎದ್ದುಬಂದ.

"ಏನಾತಬೇ?"

"ಹೋದ ತಿಂಗಳ ಕೊಯ್ದ ನೆಲ್ಲು ಇದು. ಸೊಕ್ಕು ಇನ್ನೂ ಇಳಿದಿಲ್ಲ. ಇದಕ್ಕ ಇಷ್ಟು ನೀರು ಹಾಕಿದವ ಯಾರು?"

"ಅಜ್ಜಿ, ಹೊಟ್ಟಿ ತುಂಬಿದ್ರ ಸಾಕಲ್ಲ, ಹೊಸದಾದ್ರೇನು ಹಳೇದಾದ್ರೇನು" ಎಂದ ಮಾಲೀಕ.

ಇಂಥದೇ ಮಾತಿಗಾಗಿ ಕಾದಿದ್ದವಳಂತೆ ಜೋಗಮ್ಮ ಶಾಲು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಸಿಂಧನೂರಿನ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಶುರುಮಾಡಿದಳು: ಅಕ್ಕಿ ಎಷ್ಟು ದಿನ ಇಡಬೇಕು, ಯಾವಾಗ ಬಸಿಯಬೇಕು, ಕೆಂಡದ ಮೇಲೆ ಎಷ್ಟು ಹೊತ್ತು. ಮಾಲೀಕ ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ, ಆಮೇಲೆ ಅಡಿಗೆಯವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿದ. ದುರುಗೇಶ ತಲೆ ತಗ್ಗಿಸಿ ಆ ಅಂಟು ಅನ್ನವನ್ನೇ ಉಣ್ಣುತ್ತಿದ್ದ. ಅವನ ಭುಜ ಅಲುಗುತ್ತಿದ್ದುದನ್ನು ಕಂಡು, ಅಳುತ್ತಿದ್ದಾನೇನೋ ಎಂದು ಭಾರತಿ ಬಗ್ಗಿ ನೋಡಿದಳು. ಅವನು ನಗುತ್ತಿದ್ದ.